ನಿಂತಲ್ಲೇ ಸುತ್ತಿದ ಹರಿಗೋಲು

ಭಾನುವಾರ, 8 ಡಿಸೆಂಬರ್ 2024

ಭುಜ ಎತ್ತಿದರೆ ಜೀವ ಹೋಗುತ್ತದೆ. ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ, ನಿದ್ದೆ ಮಾತ್ರ ಹತ್ತಿರ ಬರುತ್ತಿಲ್ಲ.

ಎರಡು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ನಾನು ಮತ್ತು ನಮ್ಮ ಶಾಲೆಯಲ್ಲೇ ಪಾಠ ಮಾಡುವ ಶಿರೀಷಾ ಆದವಾನಿಯಿಂದ ಬಸ್ಸು ಹತ್ತಿ ಹೊಳೆ ದಂಡೆಯ ನಾಗಲದಿನ್ನೆಗೆ ಹೋಗುತ್ತೇವೆ. ಅಂಬಿಗ ಮಾರೆಣ್ಣನ ಹರಿಗೋಲಿನಲ್ಲಿ ಆ ಕಡೆ ಅವಳು, ಈ ಕಡೆ ನಾನು ಹುಟ್ಟು ಹಾಕುತ್ತೇವೆ. ನಡುಹೊಳೆಯಲ್ಲಿ ಮಂಡಕ್ಕಿ ಒಗ್ಗಾಣಿ ತಿಂದು, ನಕ್ಕು ನಕ್ಕು ಸುಸ್ತಾಗಿ ವಾಪಸು ಬರುತ್ತೇವೆ. ಇವತ್ತು ಅಲ್ಲಿ ಹರಿಗೋಲಿನ ಪಂದ್ಯವಿತ್ತು. ಗೆಲ್ಲಲೇಬೇಕೆಂದು ಹಟ ಹಿಡಿದವಳು ನಾನೇ. ಒಗ್ಗಾಣಿ ಡಬ್ಬಿಯನ್ನೂ ಭಾರವೆಂದು ದಡದಲ್ಲೇ ಬಿಡಿಸಿದೆ.

ಅರ್ಧ ಹೊಳೆಯವರೆಗೆ ನಾವೇ ಮುಂದಿದ್ದೆವು. ಶಿರೀಷಾ ಎಂದಿನಂತೆ ಏನೋ ಹೇಳಿ ನಕ್ಕಳು.

"ನಗೋದಿದ್ರ ದಂಡಿಗೆ ಹೋಗಿ ಕುಂದ್ರು!" ಎಂದು ಕಿರುಚಿದೆ.

ಅವಳ ಹುಟ್ಟು ನಿಂತಿತು. ಸಿಟ್ಟಿನಲ್ಲಿ ನಾನು ನನ್ನ ಕಡೆ ಇನ್ನೂ ಜೋರಾಗಿ ಎಳೆದೆ. ದುಂಡನೆಯ ಹರಿಗೋಲು ಬುಗುರಿಯಂತೆ ನಿಂತಲ್ಲೇ ಸುತ್ತಿತು. ಉಳಿದವರೆಲ್ಲ ನಮ್ಮನ್ನು ದಾಟಿಹೋದರು.

ದಡದಲ್ಲಿ ಮಾರೆಣ್ಣ ಹರಿಗೋಲು ಹಿಡಿದು ನಿಲ್ಲಿಸಿದ. "ಜೋರು ಭಾಳ ಐತ್ರಿ ಟೀಚರಮ್ಮಾ. ಒಬ್ರ ಜೋರಿಗೆ ಇದು ಹೋಗಂಗಿಲ್ಲ" ಎಂದ. ಸುತ್ತಲಿದ್ದವರು ನಕ್ಕರು. ಶಿರೀಷಾ ನಗಲಿಲ್ಲ.

ಬರುವಾಗ ಬಸ್ಸಿನಲ್ಲಿ ಅವಳೇ ಡಬ್ಬಿ ತೆರೆದು ಮೊದಲು ನನ್ನ ಕೈಗೆ ತಣ್ಣಗಾದ ಒಗ್ಗಾಣಿ ಹಾಕಿದಳು. ಕ್ಷಮಿಸು ಅನ್ನಲು ಬಾಯಿ ಬರದೆ, "ಬರೋ ಐತಾರ ಬರ್ತೀಯಲ್ಲ?" ಎಂದು ಕೇಳಿದೆ.

"ಬರ್ತೀನಕ್ಕಾ," ಅಂದಳು. "ಇನ್ನ ನಗಂಗಿಲ್ಲ."