ಒಪೊಂಗನ ಕುರ್ಚಿ

ತಾಫೊ, ಕುಮಾಸಿ
ಮಾರ್ಚ್ 14, 2022

ಪ್ರೀತಿಯ ಸೆರ್ವಾ,

ನೀನೂ ಮಗಳು ಪೊಕುವಾಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಐದು ವಾರವಾಯಿತು. ನೀನು ಫೋನು ಮಾಡಿದಾಗಲೂ ನಾನು ಎತ್ತಲಿಲ್ಲ. ಕೆಲಸವಿತ್ತು, ಮಲೇರಿಯಾ ಬಂದಿತ್ತು, ಎರಡೂ ನಿಜ. ಆದರೆ ಐದು ವಾರ ಬಾಯಿ ಮುಚ್ಚಿಕೊಂಡಿರುವಷ್ಟು ಕೆಲಸವೂ ಇರಲಿಲ್ಲ, ಅಷ್ಟು ಜ್ವರವೂ ಇರಲಿಲ್ಲ. ಬೈಯುವುದಿದ್ದರೆ ಈಗಲೇ ಬೈದುಬಿಡು, ಆಮೇಲೆ ಮುಂದೆ ಓದು.

ನೀನು ಕೇಳಿದ್ದು ಒಂದೇ ಪ್ರಶ್ನೆ. ಹೆರಿಗೆ ಆಸ್ಪತ್ರೆಯ ಪ್ರೋಗ್ರಾಮಿನಲ್ಲಿ ಆದ ತಪ್ಪು ಒಪೊಂಗನದು ಹೌದೋ ಅಲ್ಲವೋ. ಆ ತಪ್ಪಿಗಾಗಿಯೇ ಅವನನ್ನು, ನಿನ್ನ ಗಂಡನನ್ನು, ಕೆಲಸದಿಂದ ತೆಗೆದರು. ಬೇರೆ ಕೆಲಸ ಹುಡುಕಿಕೊಂಡು ಅಕ್ರಾಕ್ಕೆ ಹೊರಟವನ ವ್ಯಾನು ಕೊನೊಂಗೊ ದಾಟಲಿಲ್ಲ, ದಾರಿಯಲ್ಲೇ ಉರುಳಿ ಅವನು ಹೋಗಿಬಿಟ್ಟ. ಈಗ ಶಾಲೆಯಲ್ಲಿ ಪೊಕುವಾಳ ಗೆಳತಿಯೇ ‘ನಿಮ್ಮಪ್ಪನಿಂದ ಒಂದು ಪಾಪು ಸತ್ತೋಯ್ತಂತೆ’ ಎಂದಳಂತೆ. ಆ ಸಾಲನ್ನು ಓದಿ ನಾನು ಪತ್ರ ಮಡಿಸಿಟ್ಟೆ. ಅವನೂ ನಾನೂ ಒಟ್ಟಿಗೆ ದುಡಿದ ಕಂಪನಿಯವರು ಈ ತಪ್ಪಿನ ಕೊನೆಯ ವರದಿ ಬರೆಯಲು ನನಗೇ ಹೇಳಿದ್ದಾರೆ ಎಂಬುದು ನಿನಗೆ ಗೊತ್ತಾಗಿದೆ. ಅದರಲ್ಲಿ ನಾನು ಏನು ಬರೆಯುತ್ತೇನೋ ಅವನ ಹೆಸರಿಗೆ ಅದೇ ಉಳಿಯುತ್ತದೆ. ಉತ್ತರಕ್ಕೆ ಬರುತ್ತೇನೆ. ಮೊದಲು ನನ್ನ ಮೇಜಿನ ಸುದ್ದಿ ಹೇಳಬೇಕು.

ಅಡುಮ್‌ನ ಆಫೀಸನ್ನು ಹೋದ ವರ್ಷ ಮುಚ್ಚಿ, ಎಲ್ಲರೂ ಮನೆಯಲ್ಲೇ ಕೂತು ಕೆಲಸ ಮಾಡಿ ಎಂದುಬಿಟ್ಟರು. ಹಾಸಿಗೆಯ ಮೇಲೆ ಕಾಲು ಮಡಿಸಿ ಕೂತು ಒಂದು ತಿಂಗಳು ಪ್ರೋಗ್ರಾಮು ಬರೆದೆ. ಸೊಂಟ ಬಿದ್ದುಹೋಯಿತು. ಹಿಂದಿನ ಕೋಣೆ ಖಾಲಿ ಮಾಡಿಸಿ, ಬಡಗಿ ಅಗ್ಯೆಯಿಯನ್ನು ಕರೆಸಿ, ಒಡುಮ್ ಮರದ ಉದ್ದನೆಯ ಮೇಜು ಬೇಕು, ತಂತಿಗಳು ಇಳಿಯಲು ಹಿಂದುಗಡೆ ತೂತು ಬೇಕು ಎಂದೆ. “ಇಷ್ಟು ವರ್ಷ ಮರದಲ್ಲಿರೋ ತೂತು ಮುಚ್ಚಿ ಮುಚ್ಚಿ ಹೆಸ್ರು ತಗೊಂಡಿದೀನಿ. ನೀನೊಬ್ಳು, ಒಳ್ಳೇ ಹಲಗೆಗೆ ತೂತು ಹೊಡಿ ಅಂತೀಯ” ಎಂದು ಗೊಣಗಿಕೊಂಡೇ ಕೊರೆದುಕೊಟ್ಟ. ಬೆಳಕು ಕಂಪ್ಯೂಟರಿನ ಪರದೆಗೆ ಬಡಿಯದಂತೆ ಕಿಟಕಿಯನ್ನು ಎಡಕ್ಕೆ ಬಿಟ್ಟು ಮೇಜು ಹಾಕಿಸಿದೆ. ಕೆಳಗೆ ಬ್ಯಾಟರಿ, ಮೇಲೆ ಎರಡು ಪರದೆ. ಉಳಿದ ಮರದ ತುಂಡುಗಳ ಮೇಲೆ ಪರದೆಗಳನ್ನು ನನ್ನ ಕಣ್ಣಿನ ಮಟ್ಟಕ್ಕೆ ಕೂರಿಸಿದೆ. ಕೊನೆಗೆ, ನಲವತ್ತನೆಯ ದಿನದ ಶಾಸ್ತ್ರ ಮುಗಿದ ಮೇಲೆ ‘ಅವನಿದ್ದಿದ್ರೆ ನಿನಗೇ ಕೊಡ್ತಿದ್ದ’ ಎಂದು ನೀನು ಬಸ್ಸಿನ ಮೇಲೆ ಹಾಕಿ ಕಳಿಸಿದ ಒಪೊಂಗನ ಕುರ್ಚಿ ಬಂತು.

ಕೂತರೆ ಕಾಲು ನೆಲಕ್ಕೆ ತಾಗಲಿಲ್ಲ. ಅವನು ಬಾಗಿಲು ಬಗ್ಗಿ ದಾಟುತ್ತಿದ್ದವನು, ನಾನು ನಿನ್ನ ಹೆಗಲಿಗೂ ಬರದವಳು. ಹಿಡಿ ಒತ್ತಿ ಕುರ್ಚಿಯನ್ನು ಪೂರ್ತಿ ಕೆಳಗಿಳಿಸಿದೆ.

ಕುರ್ಚಿ ಬಂದ ಮೊದಲ ವಾರದಲ್ಲೇ ಒಂದು ಮಧ್ಯಾಹ್ನ ಊಟ ಮಾಡಿ ಬಂದು ಕೂತರೆ ಕಾಲು ಮತ್ತೆ ನೇತಾಡಿತು. ನಾನೇ ಎಲ್ಲೋ ಹಿಡಿ ಮುಟ್ಟಿರಬೇಕು ಎಂದುಕೊಂಡು ಇಳಿಸಿದೆ. ಮರುದಿನವೂ ಹಾಗೇ ಆಯಿತು. ಅದರ ಮರುದಿನ ಪರದೆಯೂ ಮೇಲಕ್ಕೆ ವಾಲಿತ್ತು, ಎತ್ತರದವರು ನೋಡುವ ಹಾಗೆ. ಅಗ್ಯೆಯಿಯನ್ನು ಕರೆದು ತೋರಿಸಿದೆ. ಅವನು ಕುರ್ಚಿಯನ್ನು ಮಗುಚಿ, ಕೊಳವೆ ನೋಡಿ, ತಲೆ ಕೆರೆದುಕೊಂಡ. “ಕೆಟ್ಟೋದ್ರೆ ಇಂಥವು ಕೆಳಗಿಳೀತವೆ ಅಕ್ಕ. ತಾವಾಗೇ ಮೇಲೆ ಹತ್ತಿದ್ದು ನಾನು ಕಂಡಿಲ್ಲ” ಎಂದ. ಕೊಟ್ಟ ಟೀ ಪೂರ್ತಿ ಕುಡಿಯದೆ ಎದ್ದು ಹೋದ.

ಡುಫಿ ಚಿಕ್ಕಮ್ಮ ಶನಿವಾರ ಕೊಂಟೊಮಿರೆ ಸೊಪ್ಪು ತಂದವಳು ಕುರ್ಚಿ ಕಂಡು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

“ಇದನ್ನ ಹೀಗೇ ಬಿಟ್ಟು ಏಳ್ತೀಯಾ? ನೆಟ್ಟಗೆ?”

“ಇನ್ನೇನು ಮಾಡ್ಬೇಕು?”

“ಎದ್ದ ಮೇಲೆ ಪೀಠನ ಪಕ್ಕಕ್ಕೆ ಒರಗಿಸಿ ಇಡ್ಬೇಕು ಅಂತ ನಿಮ್ಮಮ್ಮ ಹೇಳ್ಕೊಡ್ಲಿಲ್ವಾ? ಖಾಲಿ ಪೀಠ ಕಂಡ್ರೆ ಯಾರಾದ್ರೂ ಬಂದು ಕೂರ್ತಾರೆ.”

“ಅದು ಮರದ ಪೀಠಕ್ಕೆ ಚಿಕ್ಕಮ್ಮ. ಇದಕ್ಕೆ ಚಕ್ರ ಇದೆ. ಒರಗಿಸಿದ್ರೆ ಓಡೋಗತ್ತೆ.”

“ಸತ್ತವ್ರು ಚಕ್ರ ಎಣಿಸ್ತಾರೇನೇ? ಓದಿದ್ದು ಜಾಸ್ತಿ ಆಯ್ತು ನಿಂಗೆ.”

ನಾನು ನಕ್ಕೆ. ಅವಳು ನಗಲಿಲ್ಲ. ಹೋಗುವ ಮೊದಲು ತಾನೇ ಕುರ್ಚಿಯನ್ನು ಎಳೆದು ಗೋಡೆಯ ಮಗ್ಗುಲಿಗೆ ಅಡ್ಡ ಕೆಡವಿ, ಕೈ ತೊಳೆದುಕೊಂಡು ಹೋದಳು.

ಎರಡು ದಿನ ನಾನೂ ಎದ್ದಾಗಲೆಲ್ಲ ಅದನ್ನು ಹಾಗೇ ಕೆಡವಿಟ್ಟೆ, ಏನೂ ಆಗಲಿಲ್ಲ. ಇಳಿಸಿದ ಎತ್ತರ ಇಳಿಸಿದ ಹಾಗೇ ಇತ್ತು. ಕೆಲಸ ಸಲೀಸಾಗಿ ಸಾಗಿತು. ಇಷ್ಟು ಸುಲಭವೇ ಎನ್ನಿಸಿತು. ಆದರೆ ಮೂರನೆಯ ದಿನ ಗೋಡೆಯ ಬುಡದಲ್ಲಿ ಬಿದ್ದಿದ್ದ ಆ ಕುರ್ಚಿಯನ್ನು ನೋಡಲು ನನ್ನಿಂದಾಗಲಿಲ್ಲ ಸೆರ್ವಾ. ಅವನನ್ನು ಎರಡನೆಯ ಸಲ ಹೊರಗೆ ಹಾಕಿದಂತಾಯಿತು. ನಾನೇ ಎತ್ತಿ ನಿಲ್ಲಿಸಿದೆ.

ಅವತ್ತಿನಿಂದ ಅದು ಬರೀ ಎತ್ತರದ ವಿಷಯವಾಗಿ ಉಳಿಯಲಿಲ್ಲ. ನಾನು ತೆರೆಯದ ಕಡತವೊಂದು ಪರದೆಯ ಮೇಲೆ ತೆರೆದಿರುತ್ತಿತ್ತು. ಪ್ರತಿ ಸಲವೂ ಅದೇ ಕಡತ, ಅದೇ ಜಾಗ. ಹೆಸರೂ ಹುಟ್ಟಿದ ದಿನವೂ ಒಂದೇ ಆಗಿದ್ದರೆ ಇಬ್ಬರು ರೋಗಿಗಳನ್ನು ಒಬ್ಬರೆಂದು ಸೇರಿಸಿಬಿಡುವ, ಆ ಆಸ್ಪತ್ರೆಯ ಪ್ರೋಗ್ರಾಮಿನ ಹದಿನಾಲ್ಕು ಸಾಲು. ಹುಟ್ಟಿದ ವಾರವನ್ನೇ ಹೆಸರಾಗಿ ಇಡುವ ನಮ್ಮ ಜನರಲ್ಲಿ ಅಂಥ ಇಬ್ಬರು ಹೆಂಗಸರು ಒಂದೇ ಬೀದಿಯಲ್ಲಿ ಸಿಗುತ್ತಾರೆ. ಇಲ್ಲೇ ಹುಟ್ಟಿದವರಿಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಬ್ಬಳು ಆಸ್ಪತ್ರೆಗೆ ಬರಬೇಕಾದ ಸರದಿ ಅಳಿಸಿಹೋಯಿತು, ಅವಳು ತಡವಾಗಿ ಬಂದಳು, ಮಗು ಉಳಿಯಲಿಲ್ಲ. ನಾನು ಆ ಕಡತ ಮುಚ್ಚುತ್ತಿದ್ದೆ, ನೀರು ಕುಡಿದು ಬರುವಷ್ಟರಲ್ಲಿ ಅದು ತೆರೆದಿರುತ್ತಿತ್ತು. ಕುರ್ಚಿಯ ಮೇಲೆ ಕೈಯಿಟ್ಟರೆ ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿರುತ್ತಿತ್ತು. ಕಿಟಕಿಯ ಬಿಸಿಲು ಅಲ್ಲಿಗೆ ಬೀಳುವುದಿಲ್ಲ, ಹಾಗೆಂದೇ ಅಲ್ಲವೇ ನಾನು ಮೇಜು ಅಲ್ಲಿ ಹಾಕಿಸಿದ್ದು.

ಕಳೆದ ಗುರುವಾರ ವರದಿ ಬರೆಯಲು ಕೂತೆ. ‘ದಾಖಲೆಯ ಪ್ರಕಾರ ಈ ಸಾಲುಗಳನ್ನು ಬರೆದವರು ಒಪೊಂಗ್’ ಎಂದು ಒಂದು ವಾಕ್ಯ ಬರೆದೆ. ಅದರಲ್ಲಿ ಯಾವ ಪದವೂ ಸುಳ್ಳಾಗಿರಲಿಲ್ಲ. ಒಲೆಯ ಮೇಲೆ ಸಾರು ಉಕ್ಕಿದ ಸದ್ದಾಯಿತು, ಎದ್ದು ಹೋದೆ, ಉರಿ ಇಳಿಸಿ ಬಂದೆ. ಕುರ್ಚಿ ಪೂರ್ತಿ ಎತ್ತರಕ್ಕೇರಿ ಮೇಜಿಗೆ ಬೆನ್ನು ತಿರುಗಿಸಿ ಬಾಗಿಲ ಕಡೆ ಮುಖ ಮಾಡಿ ನಿಂತಿತ್ತು. ಅಂದರೆ ನನ್ನ ಕಡೆ. ಹಾಡುಹಗಲು, ಹೊರಗೆ ಪಕ್ಕದ ಮನೆಯವಳು ಬಟ್ಟೆ ಒಗೆಯುತ್ತಾ ಹಾಡುತ್ತಿದ್ದಳು. ನನಗೆ ಭಯವಾಯಿತು ಎಂದರೆ ಅರ್ಧ ಮಾತ್ರ ಹೇಳಿದ ಹಾಗೆ. ಅವನು ಗದರಿಸಲು ಬಂದಿದ್ದರೆ ಓಡಿಹೋಗುತ್ತಿದ್ದೆ. ನಮ್ಮ ಒಪೊಂಗ್ ಯಾರನ್ನು ಗದರಿಸಿದ್ದಾನೆ? ಅವನು ಸುಮ್ಮನೆ ಕಾಯುತ್ತಿದ್ದ, ನಾನು ಮಾತಾಡಲಿ ಎಂದು. “ಕೇಳಿಸ್ಕೊಂಡೆ” ಎಂದೆ. ಆಮೇಲೆ ಆ ಕೋಣೆಗೆ ಹೋಗುವುದಕ್ಕೆ ನಾಲ್ಕು ದಿನ ಬೇಕಾಯಿತು.

ಅದಕ್ಕೇ ಈ ಪತ್ರವನ್ನು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಕೈಯಲ್ಲೇ ಬರೆಯುತ್ತಿದ್ದೇನೆ. ಈಗ ನೀನಿರುವ ಸುನ್ಯಾನಿಗೆ ಬರುವ ಬಸ್ಸಿನ ಡ್ರೈವರು ಪರಿಚಯದವನು, ಅವನ ಕೈಯಲ್ಲಿ ಕಳಿಸುತ್ತೇನೆ. ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು. ಪೊಕುವಾ ಚೆನ್ನಾಗಿ ಓದಲಿ, ಅಪ್ಪನ ಎತ್ತರ ಬರಲಿ, ಅವನ ತಾಳ್ಮೆಯೂ ಬರಲಿ. ನಿನಗೆ ರಾತ್ರಿ ನಿದ್ದೆ ಬರುವಂತಾಗಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ.

ನಿನ್ನ
ಅಫ್ರಿಯೆ

ತಾ.ಕ.: ಉತ್ತರ ಬರೆಯದೆಯೇ ಲಕೋಟೆ ಅಂಟಿಸಿಬಿಟ್ಟಿದ್ದೆ. ಹರಿದು ಮತ್ತೆ ಬರೆಯುತ್ತಿದ್ದೇನೆ. ತಪ್ಪು ಅವನದಲ್ಲ, ನನ್ನದು. ಹೋದ ವರ್ಷ ಜೂನಿನಲ್ಲಿ ನಮ್ಮ ಬೀದಿಗೆ ಮೂರು ದಿನ ಕರೆಂಟಿಲ್ಲದೆ, ಆಗ ಇಲ್ಲೇ ಕುಮಾಸಿಯಲ್ಲಿದ್ದ ನಿಮ್ಮ ಮನೆಗೆ ಕೆಲಸ ಮಾಡಲು ಬಂದಿದ್ದೆನಲ್ಲ, ಅವತ್ತು ನೀನು ಊಟಕ್ಕೆ ಫುಫು ಕುಟ್ಟಲು ಕರೆದೆ ಎಂದು ಒಪೊಂಗ್ ಎದ್ದು ಅಂಗಳಕ್ಕೆ ಬಂದ. ನಾನು ಅವನ ಜಾಗದಲ್ಲಿ ಕೂತು, ಅವನ ಕಂಪ್ಯೂಟರಿನಿಂದಲೇ ಆ ಹದಿನಾಲ್ಕು ಸಾಲು ಬರೆದು ಕಳಿಸಿದೆ. ದಾಖಲೆಯಲ್ಲಿ ಅವನ ಹೆಸರು ಬಿತ್ತು. ಅವನಿಗೆ ಗೊತ್ತಿತ್ತು. ವರದಿಯನ್ನು ಇವತ್ತು ಬೆಳಿಗ್ಗೆ ಹೀಗೆಯೇ ಬರೆದು ಕಳಿಸಿದೆ. ಅದರ ಪ್ರತಿ ಇದರ ಜೊತೆ ಇದೆ, ಶಾಲೆಯಲ್ಲಿ ತೋರಿಸು, ಯಾರಿಗೆ ಬೇಕಾದರೂ ತೋರಿಸು.

ಕಂಪನಿಯ ವಿಚಾರಣೆಯ ದಿನ ಎಲ್ಲರೂ ಮನೆಯಿಂದಲೇ ಪರದೆಯ ಮೇಲಿದ್ದೆವು. “ಬರ್ದವ್ರೇ ಹೇಳ್ಲಿ” ಎಂದಷ್ಟೇ ಅಂದು ಅವನು ಕಾದ. ನಾನು ಎಲ್ಲ ಆರಿಸಿ ಹೊರಬಂದೆ, ಕರೆಂಟು ಹೋಯಿತು ಎಂದು ಆಮೇಲೆ ಹೇಳಿದೆ. ಸಂಜೆ ಅವನೇ ಫೋನು ಮಾಡಿದ. ಕೆಲಸ ಹೋದ ಸುದ್ದಿ ಎತ್ತಲಿಲ್ಲ. “ಕರೆಂಟ್ ಬಂತಾ ಅಫ್ರಿಯೆ?” ಎಂದು ಕೇಳಿದ. ಬಂತು ಎಂದೆ. ಅವತ್ತು ನಮ್ಮ ಬೀದಿಯಲ್ಲಿ ಕರೆಂಟು ಹೋಗಿರಲೇ ಇಲ್ಲ ಸೆರ್ವಾ.