ಬಾನೆಟ್ಟಿನೊಳಗಿನ ಭಂಡಾರ

ಸೋಲಾಪುರ
ಶುಕ್ರವಾರ

ಅವ್ವಾ,

ನಿನ್ನ ಕಿವಿ ಮಂದ ಆದಮ್ಯಾಲ ಫೋನಿನ್ಯಾಗ ಒದರಿ ಉಪಯೋಗಿಲ್ಲ, ಅದಕ್ಕ ಬರ್ಯಾಕತ್ತೀನಿ.

ಅಪ್ಪನ ಕಾಂಟೆಸಾ ಗಾಡಿ ಇಂಜಿನ್ ಬಿಚ್ಚಿದ್ವಿ. ಕಾರ್ಬುರೇಟರ್ ತುಂಬ ಅರಿಷಿಣ! ಮಿಸ್ತ್ರಿ, "ಇದರಾಗ ಭಾಜಿ ಮಾಡ್ತಿದ್ರೇನ್ರಿ?" ಅಂದ. ಅಪ್ಪ ಹೋದಾಗಿಂದ ಐತವಾರಕ್ಕೊಮ್ಮೆ ಬಾನೆಟ್ ಎತ್ತಿ ಮೈಲಾರನ ಭಂಡಾರ ಉಗ್ಗಿದಾಕಿ ನೀನೇ ಅಂತ ನಾ ಹೇಳಲಿಲ್ಲ. ದೇವರು ಗಾಡಿ ಕಾಯಲಿ ಅಂತ ಹಾಕಿದ್ದು, ಗಾಡಿದೇ ಉಸಿರು ಕಟ್ಟಿಸಿತು ನೋಡು.

ಇದನ್ನ ಒಗದು ಡೀಸೆಲ್ ಇಂಜಿನ್ ಕೂಡ್ಸು ಅಂತ ಎಲ್ಲಾರೂ ಅಂದ್ರು. ನಾ ಒಪ್ಪಲಿಲ್ಲ. ಅಪ್ಪ ಊರ ಹತ್ರ ಬಂದ್ರ ಈ ಇಂಜಿನ್ ಆವಾಜ ಕೇಳೇ ನೀ ರೊಟ್ಟಿಗೆ ಹಂಚು ಇಡ್ತಿದ್ದಿ. ಹಳೇದನ್ನೇ ತಿರುಗಿ ಕಟ್ಟೀನಿ. ನಿನ್ನೆ ಚಾಲೂ ಆತು. ಅದೇ ಆವಾಜ, ಅವ್ವಾ.

ಐತವಾರ ಗಾಡಿ ಊರಿಗೆ, ಚಪಳಗಾಂವಕ್ಕ ತರ್ತೀನಿ. ಭಂಡಾರ ಬಾನೆಟ್ ಮ್ಯಾಲ ಅಷ್ಟೇ ಹಚ್ಚು, ಒಳಗ ಹಾಕಿದ್ರ ಜಗಳ ಆಗ್ತೈತಿ. ಹಚ್ಚಿದ ಕೈ ಮಾತ್ರ ಲಗೂನ ತಗೀಬ್ಯಾಡ. ನಾ ಗಾಡಿ ಚಾಲೂ ಮಾಡ್ತೀನಿ. ಕಿವಿಗೆ ಸಿಗಲಿಲ್ಲಂದ್ರೂ ಆ ಆವಾಜ ಅಂಗೈಗೆ ಸಿಗತೈತಿ.

ಆಮ್ಯಾಲ ಒಳಗ ಹೋಗಿ ಹಂಚು ಇಡು.

ನಿನ್ನ ಮಗ,
ಅಮೋಲ್