ಹೆಸರು ಹಿಡಿದು ಕರೆಯುವವರು

ಉಧ್ನಾ, ಸೂರತ್
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಅಮ್ಮಾ,

ನಿನಗೂ ಅಪ್ಪನಿಗೂ ಸೇರಿಸಿ ಒಂದೇ ನಮಸ್ಕಾರ. ಹುಷಾರಾಗಿದ್ದೇನೆ, ಊಟ ಬಿಟ್ಟಿಲ್ಲ, ದಾಲ್‌ಗೆ ಬೆಲ್ಲ ಹಾಕುವುದಕ್ಕೂ ನಾಲಿಗೆ ಅಡ್ಜಸ್ಟ್ ಆಗಿದೆ. ಅಲ್ಲಿ ನಿಮ್ಮ ವಡೋದರಾದಲ್ಲಿ ಅಪ್ಪ ಇನ್ನೂ ಅದರ ಮೇಲೆ ಜಗಳ ಆಡುತ್ತಿದ್ದಾರಾ?

ಐದನೇ ಕ್ಲಾಸಿಗೆ ನನ್ನನ್ನು ಹಾಸ್ಟೆಲಿಗೆ ಬಿಟ್ಟಾಗ ನೀನೊಂದು ರೂಲು ಹಾಕಿದ್ದೆ: ಭಾನುವಾರದ ಕಾಗದ ಕನ್ನಡದಲ್ಲೇ ಇರಬೇಕು ಅಂತ. ಆಗ ಅದು ಪನಿಶ್‌ಮೆಂಟ್ ಅನ್ನಿಸುತ್ತಿತ್ತು. ಈಗ ಉಪಯೋಗಕ್ಕೆ ಬಂತು, ಯಾಕೆಂದರೆ ಇದನ್ನು ಫೋನಿನಲ್ಲಿ ಹೇಳುವ ಹಾಗಿಲ್ಲ. ರೂಮಿನಲ್ಲಿ ಮೂವರಿದ್ದೇವೆ. ಅದರಲ್ಲಿ ಕಾವ್ಯಾ ಹುಬ್ಬಳ್ಳಿಯವಳು, ಅವಳ ಕಿವಿಗೆ ಕನ್ನಡ ಬಿದ್ದರೆ ನಿದ್ದೆಯಲ್ಲೂ ಎದ್ದು ಕೂರುತ್ತಾಳೆ. ಅಲ್ಲದೆ ಹೊರಗೆ ಬಾಯಿ ಬಿಡುವುದಿಲ್ಲ ಎಂದು ನಾನು ಪ್ರಾಮಿಸ್ ಬೇರೆ ಮಾಡಿದ್ದೇನೆ. ಅಮ್ಮನಿಗೆ ಹೇಳಿದರೆ ಅದು ಹೊರಗೆ ಹೇಳಿದ ಲೆಕ್ಕವಾ, ಗೊತ್ತಿಲ್ಲ. ಇದರಲ್ಲಿ ಬರುವ ಹುಡುಗಿಯ ಹೆಸರನ್ನಾದರೂ ಬದಲಾಯಿಸುತ್ತೇನೆ. ಹಿರಲ್ ಅಂತ ಇರಲಿ.

ವಿಷಯ ಏನೆಂದರೆ, ನನ್ನನ್ನು ಕಾಲೇಜಿನ ದೂರು ಸಮಿತಿಗೆ ಹಾಕಿದ್ದಾರೆ. ಯಾರನ್ನಾದರೂ ಕೀಳಾಗಿ ನಡೆಸಿಕೊಂಡರೆ, ಹುಡುಗಿಯರಿಗೆ ತೊಂದರೆ ಕೊಟ್ಟರೆ, ದೂರು ಅಲ್ಲಿಗೆ ಹೋಗುತ್ತದೆ. ಫಸ್ಟ್ ಇಯರ್ ಹುಡುಗಿಗೆ ಅಲ್ಲೇನು ಕೆಲಸ ಅಂತ ನೀನು ಕೇಳುತ್ತೀಯ, ನಾನೂ ಅದನ್ನೇ ಕೇಳಿದೆ. ವಿದ್ಯಾರ್ಥಿಗಳ ಕಡೆಯಿಂದ ಒಬ್ಬರು ಇರಲೇಬೇಕಂತೆ. ಡ್ರಾಯಿಂಗ್ ಹೇಳಿಕೊಡುವ ರಂಜನ್‌ಬೆನ್ ಅದರ ಅಧ್ಯಕ್ಷೆ. ನಿನ್ನ ಸರ್‌ನೇಮ್ ಏನು ಅಂದರು. ಎಚ್ ಅಂದೆ. ಎಚ್ ಅಂದರೆ? ಹಯವದನ, ನಮ್ಮ ಅಪ್ಪನ ಹೆಸರು. ಅದು ಸರಿ, ಸರ್‌ನೇಮ್? ಅದೇ ಮೇಡಂ, ಇಲ್ಲ. ಇಲ್ಲವೇ ಇಲ್ಲವಾ ಅಂತ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇಲ್ಲಿ ಸರ್‌ನೇಮ್ ಕೇಳಿದರೆ ಯಾವ ಜನ, ಯಾವ ಬೀದಿ ಎಲ್ಲ ಗೊತ್ತಾಗಿಬಿಡುತ್ತದೆ. ಹೋದ ವರ್ಷ ಸಮಿತಿಯಲ್ಲಿದ್ದ ಹುಡುಗಿಯನ್ನು ಅರ್ಧ ಜನ ಅವರ ಕಡೆಯವಳು ಅಂದರಂತೆ, ಇನ್ನರ್ಧ ಇವರ ಕಡೆಯವಳು ಅಂದರಂತೆ. ಅಕೌಂಟ್ಸಿನ ದೋಶಿಕಾಕಾ, ಅವರೂ ಸಮಿತಿಯಲ್ಲಿದ್ದಾರೆ, ಇವಳಿಗೆ ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ, ಇವಳೇ ಸರಿ ಅಂದರು. ಹಾಗೆ ನಾನು ನ್ಯಾಯಾಧೀಶೆ ಆದೆ.

ಈಗ ಬಂದಿರುವ ದೂರು ಮಹೇಶ್‌ಭಾಯಿ ಮೇಲೆ, ಕೊಟ್ಟವಳು ಸೆಕೆಂಡ್ ಇಯರ್‌ನ ಹಿರಲ್. ಜುಲೈಯಲ್ಲಿ ಬರೆದಿದ್ದೆನಲ್ಲ, ಪಾಂಡೇಸರಾದ ಮಿಲ್ಲಿನಲ್ಲಿದ್ದು ಬಂದವರು, ಬಟ್ಟೆಗೆ ಬಣ್ಣ ಹಾಕುವ ಲ್ಯಾಬು ನೋಡಿಕೊಳ್ಳುತ್ತಾರೆ, ಪಾಠ ಸೂಪರಾಗಿ ಮಾಡುತ್ತಾರೆ ಅಂತ. ನಿಮ್ಮಲ್ಲಿಯ ಹಾಗೆ ಈ ಊರಿನಲ್ಲೂ ಎಲ್ಲರೂ ಹೆಂಗಸರ ಹೆಸರಿಗೆ ಬೆನ್ ಅಂಟಿಸುತ್ತಾರೆ. ಅಕ್ಕ-ತಂಗಿ ಅಂತ ಅರ್ಥ, ನಿನಗೂ ಗೊತ್ತಲ್ಲ. ಹದಿನೆಂಟಕ್ಕೇ ವಿಂಧ್ಯಾಬೆನ್ ಮಾಡಿ ನನ್ನನ್ನು ಆಂಟಿ ಮಾಡಿಬಿಟ್ಟರು ಎಂದು ನಾನು ಗೊಣಗಿದಾಗ ಮಹೇಶ್‌ಭಾಯಿ ನಕ್ಕು, ನೀನು ಹೊರಗಿನವಳು, ನಿನಗೆ ಬೆನ್-ಗಿನ್ ಬೇಡ ಬಿಡು ಅಂದಿದ್ದರು. ಅವತ್ತಿನಿಂದ ಬರೀ ವಿಂಧ್ಯಾ. ಅದಕ್ಕೆ ನೀನು ಉತ್ತರ ಬರೆದಿದ್ದೆ: ಪರ ಊರಿನಲ್ಲಿ ಹೆಸರು ಹಿಡಿದು ಕರೆಯುವವರು ಒಬ್ಬರಿದ್ದರೆ ಅದೇ ಅರ್ಧ ಮನೆ ಅಂತ. ಆ ಸಾಲನ್ನು ಕತ್ತರಿಸಿ ಕಪಾಟಿನ ಬಾಗಿಲ ಒಳಗೆ ಅಂಟಿಸಿಕೊಂಡಿದ್ದೆ.

ದೂರು ಎರಡೇ ಸಾಲು. ಮಹೇಶ್‌ಭಾಯಿ ಲ್ಯಾಬಿನಲ್ಲಿ ಎಲ್ಲರಿಗೂ ಬೆನ್ ಅನ್ನುತ್ತಾರೆ, ನನಗೆ ಅನ್ನುವುದಿಲ್ಲ. ಇದು ನಿಲ್ಲಬೇಕು. ಓದಿದಾಗ ನನಗೂ ನಗು ಬಂತು ಅಮ್ಮ, ಸುಳ್ಳು ಯಾಕೆ. ದೋಶಿಕಾಕಾ ಅಂತೂ, ಮೂವತ್ತು ವರ್ಷದಿಂದ ನನ್ನ ಹೆಂಡತಿಗೂ ನಾನು ಬೆನ್ ಅಂದಿಲ್ಲ, ಅವಳ ಅರ್ಜಿಯನ್ನೂ ತಗೊಳ್ಳಿ ಅಂದರು. ಎಲ್ಲರೂ ನಕ್ಕರು. ರಂಜನ್‌ಬೆನ್ ನಗಲಿಲ್ಲ. ಸಮಿತಿಗೆ ಹೊರಗಿನಿಂದ ಬರುವ ವಕೀಲೆ, ಹುಡುಗಿಯ ಸರ್‌ನೇಮ್ ನೋಡಿ, ಇದು ಜಾತಿಯ ವಿಷಯ ಇರಬಹುದು, ಕೆಳಗಿನವರು ಅಂತ ಮರ್ಯಾದೆ ಬಿಟ್ಟಿರಬಹುದು ಅಂದರು. ಅಲ್ಲಿಗೆ ನಗು ನಿಂತಿತು.

ನನಗೆ ಕುತೂಹಲ ಶುರುವಾಯಿತು. ಎರಡೂ ವರ್ಷದವರಿಗೆ ಲ್ಯಾಬು ಒಂದೇ. ಯಾರಿಗೆ ಬೆನ್, ಯಾರಿಗೆ ಇಲ್ಲ ಅಂತ ಒಂದು ವಾರ ಕಿವಿ ತೆರೆದು ಕೂತೆ. ಹಿರಲ್‌ಳ ಬೀದಿಯವಳು, ಅವಳದೇ ಸರ್‌ನೇಮ್‌ನವಳು ಒಬ್ಬಳಿದ್ದಾಳೆ, ಅವಳಿಗೆ ಬೆನ್ ಇದೆ. ಕಸ ಗುಡಿಸುವವರಿಗೂ ಇದೆ. ಬಣ್ಣದ ಬಕೆಟ್ ಚೆಲ್ಲಿದ ಸಾಯಿರಾಗೆ ಬೈಯುವಾಗಲೂ, ಸಾಯಿರಾಬೆನ್, ಬಟ್ಟೆಗೆ ಬಣ್ಣ ಹಾಕಿ ಅಂದರೆ ನನ್ನ ಚಪ್ಪಲಿಗೆ ಹಾಕಿದಿರಲ್ಲ ಅಂದರು. ಹಾಗಾದರೆ ಜಾತಿ ಅಲ್ಲ. ಮತ್ತೇನು? ಹಲ್ಲುಜ್ಜುವಾಗ ಇದ್ದಕ್ಕಿದ್ದಂತೆ ದೋಶಿಕಾಕಾನ ಜೋಕು ನೆನಪಾಯಿತು. ಹೆಂಡತಿಗೆ ಬೆನ್ ಅನ್ನುವುದಿಲ್ಲ. ಬ್ರಶ್ ಬಾಯಲ್ಲೇ ಉಳಿಯಿತು.

ಅಷ್ಟರಲ್ಲಿ ರಂಜನ್‌ಬೆನ್ ನನ್ನನ್ನು ಕಳಿಸಿದರು. ಮಹೇಶ್‌ಭಾಯಿ ಒಪ್ಪಿದ್ದಾರೆ, ನಾಳೆಯಿಂದಲೇ ಬೆನ್ ಅನ್ನುತ್ತಾರಂತೆ, ಅಷ್ಟು ಸಾಕಾ ಅಂತ ಹಿರಲ್‌ಳನ್ನು ಕೇಳಿ ಬಾ, ಬಲವಂತ ಮಾಡಬೇಡ ಅಂತ. ಮೈದಾನದಲ್ಲಿ ನವರಾತ್ರಿಯ ಗರ್ಬಾ ಪ್ರ್ಯಾಕ್ಟೀಸು ನಡೆಯುತ್ತಿತ್ತು. ಆ ಚಪ್ಪಾಳೆ, ಸ್ಪೀಕರಿನ ಗಲಾಟೆಯ ಪಕ್ಕದಲ್ಲೇ ಕೂರೋಣ ಅಂದಳು ಅವಳು. ಯಾರಿಗೂ ಏನೂ ಕೇಳಿಸಬಾರದು ಅಂದರೆ ಅದೇ ಒಳ್ಳೆಯ ಜಾಗ. ನನಗೆ ಹೊಳೆದೇ ಇರಲಿಲ್ಲ.

ಮೊದಲ ವರ್ಷ ತಾನೂ ಹಿರಲ್‌ಬೆನ್ ಆಗಿದ್ದೆ ಅಂದಳು. ದೀಪಾವಳಿ ರಜೆ ಮುಗಿಸಿ ಬಂದ ಮೇಲೆ ಬೆನ್ ಹೋಯಿತು. ಒಮ್ಮೆ ಬೆನ್ ಅಂತ ಕರೆದವಳ ಮೇಲೆ ಕೈ ಹಾಕಲು ನಮ್ಮ ಗಂಡಸರಿಗೂ ಸ್ವಲ್ಪ ನಾಚಿಕೆ ಆಗುತ್ತದೆ, ಅದಕ್ಕೇ ಮೊದಲು ಅದನ್ನು ತೆಗೆದಿಡುತ್ತಾರೆ ಅಂದಳು. ಆಮೇಲೆ ಶೇಡ್ ರೂಮು. ಅದು ಲ್ಯಾಬಿನ ಹಿಂದಿನ ಕತ್ತಲೆ ಕೋಣೆ ಅಮ್ಮ, ಬೇರೆ ಬೇರೆ ದೀಪದ ಕೆಳಗೆ ಬಟ್ಟೆ ಹಿಡಿದು ಬಣ್ಣ ಹೊಂದುತ್ತದಾ ಅಂತ ನೋಡುವುದಕ್ಕೆ. ಅಲ್ಲಿ ಅವಳೊಬ್ಬಳನ್ನೇ ನಿಲ್ಲಿಸಿಕೊಳ್ಳುವುದು. ಮೊದಲು ಮೊಣಕೈ, ಆಮೇಲೆ ಭುಜ, ಆಮೇಲೆ ಸೊಂಟ. ಅದನ್ನೆಲ್ಲ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ಅವಳು ನನ್ನನ್ನು ಚಿಕ್ಕ ಮಗುವಿನ ಹಾಗೆ ನೋಡಿದಳು. ಅದಕ್ಕೆಲ್ಲ ಸಾಕ್ಷಿ ನಾನೊಬ್ಬಳೇ, ಬೆನ್ ಅನ್ನದೇ ಇದ್ದದ್ದಕ್ಕೆ ಇಡೀ ಕ್ಲಾಸು ಸಾಕ್ಷಿ ಅಂದಳು.

ಅಮ್ಮ, ಆ ಎರಡು ಸಾಲಿಗೆ ನಾವು ನಕ್ಕಿದ್ದೆವು.

ದೂರು ಬಿದ್ದುಹೋದರೆ ಅವಳು ಪ್ರಾಕ್ಟಿಕಲ್ ಪರೀಕ್ಷೆಗೆ ಮತ್ತೆ ಅವರ ಮುಂದೆಯೇ ನಿಲ್ಲಬೇಕು. ಇಲ್ಲವಾದರೆ ಕಾಲೇಜು ಬಿಡಬೇಕು. ಅವಳ ಅಣ್ಣ ಬಿಡಿಸಲು ಕಾದೇ ಕೂತಿದ್ದಾನಂತೆ. ರಾಜಿ ಬೇಡ ಅಂದಳು. ಬಾಯಿ ಬಿಟ್ಟು ಎಲ್ಲವನ್ನೂ ಹೇಳುತ್ತೇನೆ, ಆದರೆ ಒಬ್ಬಳೇ ಹೇಳಿದರೆ ನಂಬುತ್ತಾರಾ ಅಂತ ಕೇಳಿದಳು. ಕೊನೆಗೆ ನನಗೇ ಒಂದು ಪ್ರಶ್ನೆ ಹಾಕಿದಳು. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ, ಆಮೇಲೆ ನೋಡೋಣ.

ಶುಕ್ರವಾರ ಸಮಿತಿ ಕೂರುತ್ತದೆ. ಐವರಲ್ಲಿ ದೋಶಿಕಾಕಾ ಮತ್ತು ಇನ್ನೊಬ್ಬ ಸರ್, ಇಷ್ಟು ಒಳ್ಳೆಯ ಮನುಷ್ಯನ ಹೆಸರು ಕೆಡಿಸುವುದು ಬೇಡ, ಮುಗಿಸೋಣ ಅನ್ನುತ್ತಿದ್ದಾರೆ. ರಂಜನ್‌ಬೆನ್, ವಕೀಲೆ ಇಬ್ಬರೂ ಹಿರಲ್ ಕಡೆ. ಉಳಿದವಳು ನಾನು, ಸರ್‌ನೇಮ್ ಇಲ್ಲದವಳು. ಟೆನ್ಶನ್ ಆಗಬೇಡ. ನನಗೆ ಆಗುತ್ತಿರುವುದೇ ಇಬ್ಬರಿಗೂ ಸಾಕು.

ತಪ್ಪುಗಳಿಗೆ ಯಾವಾಗಿನಂತೆ ಕೆಂಪು ಪೆನ್ನು ಹಾಕು. ಅಪ್ಪನಿಗೆ ದಾಲ್ ವಿಷಯದವರೆಗೆ ಮಾತ್ರ ಓದಿ ಹೇಳು.

ನಿನ್ನ
ವಿಂಧ್ಯಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಡಿಸಿದೆ. ಹಿರಲ್ ಕೇಳಿದ್ದು ಇಷ್ಟೇ: ನಿನ್ನನ್ನು ಏನಂತ ಕರೆಯುತ್ತಾರೆ? ನಾನು ಹೊರಗಿನವಳು, ಅದಕ್ಕೆ ಬರೀ ಹೆಸರು ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಕಾವ್ಯಾಳೂ ಹೊರಗಿನವಳೇ, ಅವಳಿಗೆ ಬೆನ್ ಇದೆ. ಶೇಡ್ ರೂಮಿಗೆ ನಾನೂ ಹೋಗಿದ್ದೇನೆ ಅಮ್ಮ, ಎರಡು ಸಲ. ನೀಲಿ ತೋರಿಸುತ್ತೇನೆ ಅಂತ ಆತ ಹಿಡಿದ ಮಣಿಕಟ್ಟನ್ನು ಬಿಡಲು ತಡಮಾಡಿದ್ದ. ಹಳದಿ ಡ್ರೆಸ್ ನಿನಗೆ ಒಪ್ಪುತ್ತದೆ ಅಂತ ರಾತ್ರಿ ಆತನ ಮೆಸೇಜು ಬಂದಿತ್ತು. ಅರ್ಧ ಮನೆ ಅಂದುಕೊಂಡೇ ಇದ್ದೆ. ಕಪಾಟಿನಿಂದ ಆ ಸಾಲನ್ನು ಕಿತ್ತಿದ್ದೇನೆ. ನಿನ್ನ ಮೇಲೆ ಕೋಪ ಇಲ್ಲ, ನಮ್ಮ ಕಡೆ ಅದು ನಿಜವೇ ಇರಬಹುದು.

ರಂಜನ್‌ಬೆನ್ ಮನೆಗೆ ಹೋಗಿ ಇದನ್ನೆಲ್ಲ ಹೇಳಿ ಬಂದೆ. ಸಾಕ್ಷಿ ಹೇಳುವವಳು ತೀರ್ಪು ಕೊಡುವ ಹಾಗಿಲ್ಲವಂತೆ, ನನ್ನ ವೋಟು ಹೋಯಿತು. ಶುಕ್ರವಾರ ಮೇಜಿನ ಆಚೆ ಕಡೆ, ಹಿರಲ್ ಪಕ್ಕದಲ್ಲಿ ಕೂರುತ್ತೇನೆ. ಅವಳಿಗೆ ಎರಡನೇ ಸಾಕ್ಷಿ ಸಿಕ್ಕಿತು. ಅವತ್ತು ಬೆಳಗಿನ ಗಾಡಿಗೆ ಬರುತ್ತೀಯಾ? ಬಂದರೆ ಗೇಟಿನಲ್ಲಿ ವಿಂಧ್ಯಾಬೆನ್ ಎಲ್ಲಿದ್ದಾಳೆ ಅಂತ ಕೇಳು.